ಡಾಕ್ಟರಮ್ಮ ಕಾನೂನು ಓದಿದ್ದು

ಮೊನ್ನೆ ಅಂಚೆಯವನು ಕೊಟ್ಟುಹೋದ ಕಂದು ಲಕೋಟೆಯನ್ನು ಬಿಡಿಸುವಾಗ ಹಳೆಯ ಅಂಟಿನ ಹುಳಿವಾಸನೆ ಮೂಗಿಗೆ ಬಡಿಯಿತು. ಒಳಗಿದ್ದದ್ದು ಯಾವುದೋ ಸಂಘದ ವಾರ್ಷಿಕ ವರದಿ. ನನಗೆ ನೆನಪಾದದ್ದು ಮಾತ್ರ ಅಂಥದೇ ಲಕೋಟೆಗಳಲ್ಲಿ ಬರುತ್ತಿದ್ದ, ನಾನು ಮೂರನೆಯದಕ್ಕೇ ಕೈಬಿಟ್ಟ ಕಾನೂನಿನ ಓದು. ನಿಮಗೆ ನಗು ಬಂದರೆ ತಪ್ಪಿಲ್ಲ. ರಕ್ತ, ಕಫ ನೋಡುವ ಲ್ಯಾಬ್ ಟೆಕ್ನಿಷಿಯನ್ನಿಗೆ ಕಾನೂನು ಎಂತಕ್ಕೆ ಎಂದು ಹೊನ್ನಾವರದ ನಮ್ಮ ಮನೆಯಲ್ಲೂ ಆಗ ಕೇಳಿದ್ದರು.

ಉತ್ತರ ಇದ್ದದ್ದು ಸುಮಿತ್ರಾ ಡಾಕ್ಟರಮ್ಮನ ಬಳಿ. ಎಪ್ಪತ್ತರ ದಶಕದ ಕೊನೆಗೆ ನಾನು ಭಟ್ಕಳದ ಆಸ್ಪತ್ರೆಗೆ ಸೇರಿದಾಗ ಅವರಿಗೆ ನಲವತ್ತು ದಾಟಿತ್ತು. ಕುಮಟಾದ ಕಡೆಯವರು. ನರ್ಸಿನೊಡನೆ ಕೊಂಕಣಿ, ಭಟ್ಕಳದ ಮುಸ್ಲಿಂ ಬಾಣಂತಿಯರೊಡನೆ ಅವರ ನವಾಯತಿ, ನನ್ನೊಡನೆ ಕನ್ನಡ. ಬೈಯುವುದಿದ್ದರೆ ಯಾವ ಭಾಷೆಯೂ ಇಲ್ಲ, ಬರೀ ಕನ್ನಡಕ ತೆಗೆದು ನೋಡುವುದು. ನನ್ನ ಇಂಗ್ಲಿಷ್ ಅಕ್ಷರ ದುಂಡಗಿತ್ತು. ಆ ಒಂದೇ ಯೋಗ್ಯತೆಯಿಂದ ಶವಪರೀಕ್ಷೆಯ ವರದಿ ಬರೆದುಕೊಳ್ಳುವ ಕೆಲಸವೂ ನನ್ನ ಪಾಲಿಗೆ ಬಂದಿತ್ತು. ಅವರು ಒಳಗಿನಿಂದ ಹೇಳುವುದು, ನಾನು ಮೂಗಿಗೆ ಕರವಸ್ತ್ರ ಒತ್ತಿಕೊಂಡು ಬಾಗಿಲಲ್ಲಿ ನಿಂತು ಬರೆಯುವುದು.

ಅಂಥ ಒಂದು ಬೆಳಿಗ್ಗೆ ತೆಂಗಿನಗುಂಡಿ ಹಳ್ಳಿಯಿಂದ ಜಾನಕಿ ಎಂಬ ಹುಡುಗಿಯ ಶವ ಬಂತು. ಬೆಳಕೆ ಊರಿನ ಮೀನುಗಾರರ ಮನೆಯ ಮಗಳು. ಮದುವೆಯಾಗಿ ವರ್ಷವೂ ತುಂಬಿರಲಿಲ್ಲ. ಗಂಡನ ಮನೆಯ ಬಾವಿಯಲ್ಲಿ ಸಿಕ್ಕಿದ್ದಳು. ನನಗೆ ತಲೆ ಸುತ್ತುತ್ತಿತ್ತು. ಡಾಕ್ಟರಮ್ಮ ಕುತ್ತಿಗೆಯ ಬಗ್ಗೆ ಏನೋ ಉದ್ದಕ್ಕೆ ಹೇಳಿದರು. ಅರ್ಧ ಕೇಳಿಸಿತು, ಇನ್ನರ್ಧವನ್ನು ನಾನು ಕೇಳಲಿಲ್ಲ. 'ಕುತ್ತಿಗೆಯ ಮೇಲೆ ಕೆಲವು ಗುರುತುಗಳಿವೆ' ಎಂದಷ್ಟೇ ಬರೆದೆ. ಹೊರಗೆ ರೋಗಿಗಳ ಸಾಲು ಬೆಳೆದಿತ್ತು. ಅವರು ಕೈ ತೊಳೆದು ಬಂದವರೇ ಓದದೆ ಸಹಿ ಹಾಕಿದರು. ನನ್ನ ಅಕ್ಷರದ ಮೇಲೆ ಅಷ್ಟು ನಂಬಿಕೆ.

ಗಂಡನ ಮೇಲೆ ಕೊಲೆಯ ಮೊಕದ್ದಮೆಯಾಯಿತು. ಎರಡು ವರ್ಷ ಕಳೆದು ಕಾರವಾರದ ಸೆಷನ್ಸ್ ಕೋರ್ಟಿನಲ್ಲಿ ಡಾಕ್ಟರಮ್ಮ ಸಾಕ್ಷಿ ಹೇಳಲು ನಿಂತಾಗ ಫೈಲು ಹಿಡಿದು ನಾನೂ ಹೋಗಿದ್ದೆ. ಗಂಡನ ಪರ ವಕೀಲರು ಕುಮಟಾದವರು, ಅರವತ್ತು ದಾಟಿದ, ಮೆಲುದನಿಯ ಮನುಷ್ಯ. ಎಷ್ಟು ಗುರುತು, ಯಾವ ಕಡೆ ಎಂದು ಕೇಳಿದರು. ಡಾಕ್ಟರಮ್ಮ ನೆನಪಿನಿಂದ ಹೇಳಿದರು. ಅದು ವರದಿಯಲ್ಲಿ ಎಲ್ಲಿದೆ ತೋರಿಸಿ ಎಂದರು ವಕೀಲರು. ಬಾವಿಗೆ ಬೀಳುವಾಗ ಕರಿಮಣಿ ಒತ್ತಿಯೂ 'ಕೆಲವು ಗುರುತು' ಆಗಬಹುದಲ್ಲವೇ ಎಂದರು. ಕೊನೆಗೆ, ಈ ಅಕ್ಷರ ಯಾರದು ಎಂದು ಕೇಳಿದರು.

"ಸಹಿ ನನ್ನದು. ಹಾಗಾಗಿ ಬರೆದದ್ದೂ ನನ್ನದೇ" ಎಂದರು ಡಾಕ್ಟರಮ್ಮ.

ಗಂಡ ಬಿಡುಗಡೆಯಾದ. ಕೆಲವು ತಿಂಗಳ ನಂತರ ಡಾಕ್ಟರಮ್ಮ ನನ್ನ ಮೇಜಿನ ಮೇಲೆ ಎರಡು ಅರ್ಜಿಗಳನ್ನು ಇಟ್ಟರು. ಕಾನೂನು ಓದದ ಪದವೀಧರರಿಗೆಂದು ಒಂದು ವಿಶ್ವವಿದ್ಯಾಲಯ ಅಂಚೆಯ ಮೂಲಕ ಸ್ನಾತಕೋತ್ತರ ಡಿಪ್ಲೊಮಾ ನಡೆಸುತ್ತಿತ್ತು. ಇಂಜಿನಿಯರು, ಡಾಕ್ಟರು, ಮಾಸ್ತರು, ಬಿ.ಎಸ್ಸಿ. ಮಾಡಿದ ನನ್ನಂಥವನು, ಯಾರು ಬೇಕಾದರೂ ಸೇರಬಹುದಿತ್ತು. ಒಂದು ಅರ್ಜಿ ಅವರದು, ಇನ್ನೊಂದರ ಮೇಲೆ ನನ್ನ ಹೆಸರು. "ಹೇಳುವವರಿಗೆ ಮಾತ್ರ ಗೊತ್ತಿದ್ರೆ ಸಾಲ್ದು. ಬರೆಯುವವನಿಗೂ ಗೊತ್ತಿರಬೇಕು" ಎಂದರು. ಅವರು ನನಗೆ ಹೇಳಿದ ಕಠಿಣ ಮಾತು ಅದೊಂದೇ.

ಪಾಠಗಳು ಕಂದು ಲಕೋಟೆಯಲ್ಲಿ ಬರುತ್ತಿದ್ದವು. ಒಂದೊಂದು ವಾಕ್ಯ ಒಂದು ಪುಟದಿಂದ ಇನ್ನೊಂದು ಪುಟಕ್ಕೆ ಹೋಗುತ್ತಿತ್ತು. ವಾಕ್ಯದ ಕೊನೆ ಸಿಗುವಷ್ಟರಲ್ಲಿ ನನಗೆ ಮೊದಲಿನದು ಮರೆತಿರುತ್ತಿತ್ತು. ಡಾಕ್ಟರಮ್ಮ ಅರ್ಥವಾಗದ್ದಕ್ಕೆಲ್ಲ ಪೆನ್ಸಿಲ್ಲಿನಲ್ಲಿ ಗೆರೆ ಎಳೆದು, ಭಾನುವಾರ ಬಸ್ಸು ಹಿಡಿದು ಕುಮಟಾಕ್ಕೆ ಹೋಗುತ್ತಿದ್ದರು. ಯಾರ ಮನೆಗೆ ಗೊತ್ತೇ? ಅದೇ ವಕೀಲರ ಮನೆಗೆ. ಮೊದಲ ದಿನ ವಕೀಲರಿಗೇ ಮುಜುಗರವಾಗಿ, ತನ್ನಲ್ಲಿಗೇ ಏಕೆ ಬಂದಿರಿ ಎಂದು ಕೇಳಿದರಂತೆ. ನನ್ನ ತಪ್ಪು ಎಲ್ಲಿದೆ ಎಂದು ನಿಮಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ ಎಂದರಂತೆ ಇವರು.

ಎರಡನೆಯ ಲಕೋಟೆಯಲ್ಲಿ ಮೇಲ್ಮನವಿಯ ಪಾಠವಿತ್ತು. ಬಿಡುಗಡೆಯ ತೀರ್ಪಿನ ಮೇಲೆ ಸರಕಾರ ಮೇಲಿನ ಕೋರ್ಟಿಗೆ ಹೋಗಬಹುದಿತ್ತು, ಅದಕ್ಕೊಂದು ಗಡುವಿತ್ತು. ಜಾನಕಿಯ ಪಾಲಿಗೆ ಗಡುವು ಎಂದೋ ಮುಗಿದಿತ್ತು. ಅದನ್ನು ಓದಿದ ದಿನ ಡಾಕ್ಟರಮ್ಮ ಮಧ್ಯಾಹ್ನ ಊಟಕ್ಕೆ ಹೋಗಲಿಲ್ಲ. ಮರುದಿನ ನನ್ನನ್ನೂ ಕರೆದುಕೊಂಡು ಬೆಳಕೆಗೆ ಹೊರಟರು.

ಜಾನಕಿಯ ತಾಯಿ ನಾಗಮ್ಮ ಅಂಗಳದಲ್ಲಿ ಮೀನು ಒಣಹಾಕುತ್ತಿದ್ದಳು. ಡಾಕ್ಟರಮ್ಮ ನಿಂತೇ ಎಲ್ಲವನ್ನೂ ಹೇಳಿದರು. ವರದಿ ಸರಿಯಾಗಿರಲಿಲ್ಲ, ಮುಂದೆ ಹೋಗುವ ದಾರಿಯಿತ್ತು, ಅದು ತನಗೂ ಗೊತ್ತಿರಲಿಲ್ಲ, ಈಗ ಆಗುವುದಿಲ್ಲ ಎಂದರು. ನಾಗಮ್ಮ ಒಂದೊಂದೇ ಮೀನನ್ನು ಮಗುಚುತ್ತ ಕೇಳಿದಳು. ಆಮೇಲೆ ಕೈ ಒರೆಸಿಕೊಂಡಳು.

"ಎಷ್ಟಿತ್ತು ಗುರ್ತು?"

"ನಾಲ್ಕು. ಎಡಕ್ಕೆ ಮೂರು, ಬಲಕ್ಕೆ ಒಂದು. ಬೆರಳಿನವು."

"ಇಷ್ಟು ದಿನ ಯಾರೂ ನಂಗೆ ಹೇಳ್ಲಿಲ್ಲ" ಎಂದಳು ನಾಗಮ್ಮ. "ಕೋರ್ಟು ಅವನ್ನ ಬಿಟ್ಮೇಲೆ ಬಾವಿಗೆ ಅವಳೇ ಹಾರಿದ್ದು ಅಂದ್ರು ಎಲ್ಲ. ನಾನೂ ಹಂಗೇ ತಿಳ್ಕಂಡು ಅವಳಿಗೆ ಬೈದಿದ್ದೆ. ಆತು, ಈಗ ಗೊತ್ತಾತು."

ಡಾಕ್ಟರಮ್ಮ ಅತ್ತದ್ದನ್ನು ನಾನು ನೋಡಿದ್ದು ಆಗ ಒಮ್ಮೆ. ಬರೆದವನು ನಾನು ಎಂದು ಹೇಳಲು ಅದಕ್ಕಿಂತ ಸರಿಯಾದ ಹೊತ್ತು ಮತ್ತೆ ಬರುವಂತಿರಲಿಲ್ಲ. ನಾನು ಅಂಗಳದ ಬೇಲಿ ನೋಡುತ್ತ ನಿಂತಿದ್ದೆ. ಮುಂದಿನ ತಿಂಗಳು ಮೂರನೆಯ ಲಕೋಟೆ ಬಂತು. ತಲೆಗೆ ಹತ್ತುವುದಿಲ್ಲ ಎಂದು ಹೇಳಿ ಓದು ಬಿಟ್ಟೆ. ಬಿಟ್ಟದ್ದು ನಾಗಮ್ಮನ ಅಂಗಳದಲ್ಲಿ ಬಾಯಿ ಬಿಡದ್ದಕ್ಕೆ ಎಂಬುದು ಅವರಿಗೂ ಗೊತ್ತಿತ್ತು.

ಅವರು ಎರಡನೆಯ ಸಲಕ್ಕೆ ಪಾಸಾದರು. ಆಮೇಲೆ ಶವಪರೀಕ್ಷೆ ಆದಾಗಲೆಲ್ಲ ನನ್ನಿಂದ ಪ್ರತಿ ಸಾಲನ್ನೂ ಓದಿಸಿ ಕೇಳದೆ ಸಹಿ ಹಾಕಲಿಲ್ಲ. ಮಂಕಿ ಊರಿನಲ್ಲಿ ಒಬ್ಬ ಸತ್ತಾಗ ತಮ್ಮನೇ ಕೊಂದನೆಂದು ಊರೆಲ್ಲ ಆಡಿಕೊಂಡಿತ್ತು. ಇವರ ವರದಿಯ ಒಂದು ಪುಟದಿಂದ ಆ ತಮ್ಮ ಉಳಿದುಕೊಂಡ. ಹೊನ್ನಾವರ, ಕುಮಟಾದ ಹೊಸ ಡಾಕ್ಟರುಗಳು ಬರೆಯುವುದನ್ನು ಕಲಿಯಲು ಇವರಲ್ಲಿಗೆ ಬರುತ್ತಿದ್ದರು. ಈಗ ಅವರೂ ಇಲ್ಲ, ಆ ವಕೀಲರೂ ಇಲ್ಲ.

ನಿನ್ನೆ ನಾನು ಬೆಳಕೆಗೆ ಹೋದೆ. ನಾಗಮ್ಮ ತೀರಿಕೊಂಡು ಬಹಳ ವರ್ಷವಾಗಿದೆ. ಅವಳ ಮಗ ಮಂಜುನಾಥ ಜಗಲಿಯಲ್ಲಿ ಬಲೆ ಸರಿಮಾಡುತ್ತ ಕೂತಿದ್ದ. ಅವನಿಗೂ ತಲೆ ಬೆಳ್ಳಗಾಗಿದೆ. ಅಕ್ಕನ ವರದಿ ಬರೆದವನು ನಾನು, ಡಾಕ್ಟರಮ್ಮ ಸರಿಯಾಗಿಯೇ ಹೇಳಿದ್ದರು, ಬರೆಯದೆ ಬಿಟ್ಟವನು ನಾನು ಎಂದೆ. ಅವನ ಕೈ ನಿಂತಿತು.

"ಅಮ್ಮ ಇದ್ದಾಗ ಬರ್ಬೇಕಾಗಿತ್ತು ನೀವು" ಎಂದ.

ಹೌದು ಎಂದೆ. ಅವನು ಬಲೆಯ ಗಂಟೊಂದನ್ನು ಬಿಗಿದ. ಆಮೇಲೆ ತಲೆಯೆತ್ತಿ, "ನಿಮ್ಮ ಹೆಸ್ರು ಎಂತ?" ಎಂದು ಕೇಳಿದ.

ಹೇಳಿದೆ. ತಂದೆಯ ಹೆಸರು, ಊರಿನ ಹೆಸರು ಸೇರಿಸಿ, ಸಾಕ್ಷಿ ಹೇಳಲು ನಿಂತವರು ಹೇಳುವಂತೆ, ಪೂರ್ತಿ ಹೇಳಿದೆ.