ಹಾಜಿಯವರ ಕಾರಿಗೆ ನಾನು ಬರೆದ ಷರಾ

ಆ ಜಪಾನಿ ಕಾರಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ನಿಮ್ಮಲ್ಲಿ ಅರ್ಧ ಮಂದಿ ನಗ್ತೀರಿ, ನನಗೆ ಸಿಟ್ಟು ಬರ್ತದೆ. ಕೆಲವು ವರ್ಷ ಅದನ್ನು ಮಾರಿಯೇ ಹೊಟ್ಟೆ ಹೊರೆದವನು ನಾನು. "ಓ, ಆ ತಗಡು ಡಬ್ಬವಾ?" ಎಂದು ಯಾರಾದರೂ ಹೇಳಿದರೆ ಈಗಲೂ ಮಂಡೆ ಬಿಸಿಯಾಗ್ತದೆ. ಆದರೆ ಅದರ ಬಗ್ಗೆ ಎಲ್ಲರಿಗಿಂತ ಕೆಟ್ಟ ಮಾತು ಆಡಿದವನು ನಾನೇ. ಒಂದೇ ಸಲ, ಒಬ್ಬರ ಎದುರು. ಅದನ್ನು ಹೇಳಿಬಿಡ್ತೇನೆ, ಒಳಗೇ ಇಟ್ಟುಕೊಂಡು ಸಾಕಾಗಿ ಹೋಗಿದೆ.

ನಮ್ಮದು ದೇವಸ್ಥಾನದ ಪೂಜೆಯ ಮನೆ. ಅಪ್ಪ ಅರ್ಚಕರು, ಅಣ್ಣನೂ ಅದೇ ದಾರಿ ಹಿಡಿದ. ನನಗೆ ಮಂತ್ರ ಬಾಯಿಗೆ ಹತ್ತಲಿಲ್ಲ, ಮಾತು ಮಾತ್ರ ಧಾರಾಳ. ಹಾಗಾಗಿ ಟೈ ಕಟ್ಟಿಕೊಂಡು ಕಾರಿನ ಶೋರೂಮಿಗೆ ಸೇರಿದೆ. "ಅಡ್ಡಿಲ್ಲ, ವಾಹನ ಪೂಜೆಗೆ ಜನ ಕಳಿಸು" ಎಂದು ಅಪ್ಪ ತಮಾಷೆ ಮಾಡಿದ್ದರು. ಕಳಿಸಿದೆ ಕೂಡಾ. ನಾನು ಮಾರಿದ ಎಷ್ಟೋ ಕಾರುಗಳ ಬಾನೆಟ್ಟಿಗೆ ಅಪ್ಪನೇ ಕುಂಕುಮ ಹಚ್ಚಿದ್ದಾರೆ.

ಟ್ರೈನಿಂಗಿನಲ್ಲಿ ನಮಗೆ ಕಂಪನಿಯ ಚರಿತ್ರೆ ಹೇಳಿಕೊಟ್ಟಿದ್ದರು. ಒಂದು ಕಾಲದಲ್ಲಿ ಆ ಹೆಸರು ಅಂದರೆ ಭಾರೀ ಹೆಸರು. ಅಗ್ಗದ ಗಾಡಿ, ಗಟ್ಟಿ ಗಾಡಿ, ಅದರ ಪಿಕಪ್ಪು ಓಡದ ಮರಳುಗಾಡಿಲ್ಲ. ಆಮೇಲೆ ಅದರ ಯಜಮಾನ ಕಂಪನಿಯವರು ತಮ್ಮದೇ ಹೆಸರು ಮೆರೆಯಲಿ ಎಂದು ಈ ಹೆಸರನ್ನು ಅಟ್ಟಕ್ಕೆ ಹಾಕಿದರು. ಎಷ್ಟೋ ವರ್ಷ ಅದು ಅಲ್ಲೇ ಇತ್ತು. ನಮ್ಮಂಥ ದೇಶಗಳಲ್ಲಿ ಸ್ಕೂಟರಿನಿಂದ ಮೊದಲ ಕಾರಿಗೆ ಹತ್ತುವವರು ತುಂಬ ಮಂದಿ ಇದ್ದಾರೆ ಎಂದು ಗೊತ್ತಾದಾಗ ಧೂಳು ಒರೆಸಿ ಕೆಳಗಿಳಿಸಿದರು, ಒಂದು ಸಣ್ಣ ಕಾರಿಗೆ ಅಂಟಿಸಿದರು. ಹಳೇ ಪಿಕಪ್ಪಿಗೂ ಈ ಕಾರಿಗೂ ಇದ್ದ ಸಂಬಂಧ ಆ ಹೆಸರು ಮಾತ್ರ. ಇದು ನನಗೆ ಚೆನ್ನಾಗಿ ಗೊತ್ತಿತ್ತು.

ಮ್ಯಾನೇಜರರು ಮೈಲೇಜಿನ ಬಗ್ಗೆ ಮಾತಾಡಿ ಅಂತಿದ್ದರು. ನಾನು ಬೇರೆಯೇ ಒಂದು ಪ್ರಶ್ನೆ ಕಂಡುಹಿಡಿದೆ. ಕುದ್ರೋಳಿ, ಬಂದರ್ ಕಡೆಯ ಬ್ಯಾರಿ ಮನೆಯವರು ಬಂದರೆ ಕಾರಿನ ಸುದ್ದಿಯೇ ಎತ್ತುತ್ತಿರಲಿಲ್ಲ. "ನಿಮ್ಮ ಮನೆಯಲ್ಲಿ ಹಿರಿಯರು ಯಾರಾದ್ರೂ ಆಗಿನ ಕಾಲದಲ್ಲಿ ಗಲ್ಫಿನಲ್ಲಿ ಇದ್ದರಾ?" ಎಂದು ಕೇಳುತ್ತಿದ್ದೆ. ಇಲ್ಲದ ಮನೆ ಎಲ್ಲಿ ಉಂಟು? ಮರುದಿನ ಆ ಹಿರಿಯರನ್ನು ಕರೆದುಕೊಂಡು ಬರ್ತಿದ್ದರು. ಮುದುಕರು ಬಾನೆಟ್ಟಿನ ಮೇಲಿನ ಹೆಸರಿಗೆ ಕೈಯಾಡಿಸುತ್ತಿದ್ದರು. ಆಮೇಲೆ ಅವರೇ ಮಾತಾಡುತ್ತಿದ್ದರು. ನಾನು ಚಾ ತರಿಸಿದರೆ ಸಾಕು, ಕಾರು ಮಾರಿ ಆಗುತ್ತಿತ್ತು.

ಹಾಗೆ ಬಂದವರು ಹಾಜಿಯವರು. ಕುದ್ರೋಳಿಯಲ್ಲಿ ಮನೆ, ಬಂದರಿನಲ್ಲಿ ಹಗ್ಗ-ಟಾರ್ಪಾಲಿನ ಅಂಗಡಿ. ನಮ್ಮ ದೇವಸ್ಥಾನದ ಬಾವಿಗೆ ಹಗ್ಗ ಮೊದಲಿಂದ ಅವರ ಅಂಗಡಿಯದ್ದೇ. ಅಪ್ಪನಿಗೂ ಅವರಿಗೂ ಅಂಗಡಿ ಜಗಲಿಯ ಪರಿಚಯ, ಹಗ್ಗದ ಜೊತೆ ಅರ್ಧ ಗಂಟೆ ಪಟ್ಟಾಂಗ. ಶೋರೂಮಿನಲ್ಲಿ ನನ್ನನ್ನು ನೋಡಿದ ಕೂಡಲೇ, "ನೀವು ಭಟ್ರ ಮಗ ಅಲ್ವಾ? ಹಾಗಾದ್ರೆ ಬೇರೆ ಕಡೆ ವಿಚಾರಿಸುವ ಕೆಲಸ ಇಲ್ಲ" ಅಂದರು. ನಾವು ಮಾತಾಡುವುದು ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೀತಿದ್ದೇನೆ. ಅವರಿಗಿಂತ ಮೂವತ್ತು ವರ್ಷ ಚಿಕ್ಕವನಾದ ನನ್ನನ್ನು ಅವರು ಒಂದು ದಿನವೂ ಏಕವಚನದಲ್ಲಿ ಕರೆದವರಲ್ಲ. ಭಟ್ರೆ, ಭಟ್ರೆ.

ನನ್ನ ಪ್ರಶ್ನೆ ಕೇಳಿದೆ. ಅವರು ಕುರ್ಚಿ ಎಳೆದು ಕೂತರು. ಪ್ರಾಯದಲ್ಲಿ ಅಲ್ಲಿ ಪಿಕಪ್ ಓಡಿಸುತ್ತಿದ್ದರಂತೆ, ಪೇಟೆಯಿಂದ ದೂರದ ಕ್ಯಾಂಪುಗಳಿಗೆ ತರಕಾರಿ, ನೀರು. ಒಮ್ಮೆ ಮರಳಗಾಳಿಗೆ ಸಿಕ್ಕಿ ಇಂಜಿನ್ ನಿಂತಿತಂತೆ. ಎರಡು ದಿನ ಯಾರೂ ಬರಲಿಲ್ಲ. ಮೂರನೇ ದಿನ ಇವರೇ ಕಾರ್ಬುರೇಟರ್ ಬಿಚ್ಚಿ, ಬಾಯಲ್ಲಿ ಊದಿ ಮರಳು ತೆಗೆದು ಜೋಡಿಸಿದರು. ಕೀ ತಿರುಗಿಸಿದ ಕೂಡಲೇ ಹೊರಟಿತು. "ಆವತ್ತು ಅದು ಹೊರಡದಿದ್ರೆ ನಾನಿಲ್ಲ, ನನ್ನ ಮಕ್ಕಳೂ ಇಲ್ಲ. ಆ ಹೆಸರಿನ ಋಣ ಒಂದು ನನ್ನ ಮೇಲೆ ಉಂಟು ಭಟ್ರೆ." ಇದು ಆ ಗಾಡಿ ಅಲ್ಲ ಹಾಜಿಯವರೆ ಎಂದು ಹೇಳಲು ಅದೇ ಸಮಯ. ನಾನು "ಹೌದು ಹೌದು, ಅದೇ ಕಂಪನಿ" ಅಂದೆ.

ಡೆಲಿವರಿ ದಿನ ನಮ್ಮ ಶೋರೂಮಿನ ಹುಡುಗಿಯರು ರೂಢಿಯ ಹಾಗೆ ನಾಲ್ಕು ಚಕ್ರಗಳ ಅಡಿಗೂ ಲಿಂಬೆಹಣ್ಣು ಇಟ್ಟುಬಿಟ್ಟಿದ್ದರು. ಹಾಜಿಯವರು ನಗುತ್ತಾ ನಾಲ್ಕನ್ನೂ ಹೆಕ್ಕಿ ಜುಬ್ಬದ ಕಿಸೆಗೆ ಹಾಕಿದರು. "ಶರಬತ್ತಿಗೆ ಆಯ್ತು." ಬಿಸ್ಮಿಲ್ಲಾ ಹೇಳಿ ಸ್ಟಾರ್ಟ್ ಮಾಡಿದರು.

ಅಂಗಡಿ ಮಕ್ಕಳ ಕೈಗೆ ಹೋಗಿತ್ತು. ಹಾಜಿಯವರಿಗೆ ಉಳಿದದ್ದು ಒಂದೇ ಕೆಲಸ, ಅದಕ್ಕೇ ಆ ಕಾರು. ಬೆಳಿಗ್ಗೆ ಬಂದರಿನ ದಕ್ಕೆಗೆ ಹೋಗುವುದು, ದೋಣಿಯಿಂದ ಇಳಿದ ಮೀನನ್ನು ಆರಿಸಿ ತೆಗೆದುಕೊಳ್ಳುವುದು, ಊರಿನ ಮೂರು ದಿಕ್ಕಿನಲ್ಲಿರುವ ಮೂರು ಹೆಣ್ಣುಮಕ್ಕಳ ಮನೆಗೆ ಮುಟ್ಟಿಸುವುದು. ಒಬ್ಬಳಿಗೆ ಬೂತಾಯಿ, ಇನ್ನೊಬ್ಬಳಿಗೆ ಬಂಗುಡೆ, ಸಣ್ಣವಳಿಗೆ ಏನಾದರೂ ದೊಡ್ಡದು. ಒಂದೊಂದು ಮನೆಯಲ್ಲೂ ಒಂದೊಂದು ಚಾ. ಮಧ್ಯಾಹ್ನದ ನಮಾಜಿಗೆ ವಾಪಸ್. ಸರ್ವಿಸಿಗೆ ಬಂದಾಗ ಡಿಕ್ಕಿ ತೆರೆದರೆ ಪೂಜೆ ಮನೆಯವನ ಮೂಗಿಗೆ ಅದು ಸಹಿಸುವ ವಾಸನೆ ಅಲ್ಲ ಬಿಡಿ. "ಭಟ್ರೆ, ನೀವು ದೂರ ನಿಲ್ಲಿ" ಎಂದು ಅವರೇ ಹೇಳುತ್ತಿದ್ದರು.

ಅಷ್ಟರಲ್ಲಿ ಕಾರಿನ ಹೆಸರು ಕೆಡುತ್ತಾ ಬಂತು. ವಿದೇಶದಲ್ಲಿ ಯಾರೋ ಅಂಥ ಕಾರನ್ನು ಡಿಕ್ಕಿ ಹೊಡೆಸಿ ಪರೀಕ್ಷೆ ಮಾಡಿದಾಗ ಅದು ಮುದ್ದೆಯಾದ ವಿಡಿಯೋ ಎಲ್ಲರ ಮೊಬೈಲಿಗೂ ಬಂತು. ಮದುವೆ ಮನೆಯಲ್ಲಿ ಪಾರ್ಕ್ ಮಾಡಿದರೆ ತಮಾಷೆ, ನೆಂಟರಲ್ಲಿ ತಮಾಷೆ. ಬಾಗಿಲು ಹಾಕಿದರೆ ಡಬ್ಬದ ಸದ್ದು ಬರ್ತದೆ ಅಂತ ನಗುವುದು. ಅದರಲ್ಲಿ ಸತ್ಯವೂ ಇತ್ತು, ನಾನು ಇಲ್ಲ ಅನ್ನುವುದಿಲ್ಲ. ಕೊನೆಗೆ ಕಂಪನಿಯೇ ಆ ಹೆಸರನ್ನು ಎರಡನೇ ಸಲ ಅಟ್ಟಕ್ಕೆ ಹಾಕಿತು. ನಮಗೆ ಗೊತ್ತಾದದ್ದು ಪೇಪರಿನಲ್ಲಿ ಬಂದ ಮೇಲೆ. ಎಂತ ಸಾವು ಮಾರಾಯ್ರೆ, ಬೆಳಿಗ್ಗೆ ಟೈ ಕಟ್ಟಿಕೊಂಡು ಹೋದರೆ ಮಾರಲಿಕ್ಕೆ ಕಾರಿಲ್ಲ.

ಎರಡು ತಿಂಗಳು ಮನೆಯಲ್ಲಿ ಕೂತೆ. ಆಮೇಲೆ ಬೇರೆ ಕಂಪನಿಯ ಶೋರೂಮಿನಲ್ಲಿ ಕೆಲಸ ಸಿಕ್ಕಿತು, ಎಕ್ಸ್‌ಚೇಂಜ್ ವಿಭಾಗ. ಜನ ತರುವ ಹಳೇ ಕಾರು ನೋಡಿ ಅದರ ಯೋಗ್ಯತೆ ಬರೆಯುವುದು. ಹಾಳೆಯ ಕೆಳಗೆ ಷರಾ ಅಂತ ಒಂದು ಜಾಗ ಉಂಟು. ಹೊಗಳಿ ಬದುಕಿದ ಬಾಯಿಗೆ ಈಗ ತೆಗಳುವುದೇ ಸಂಬಳ.

ಹಾಜಿಯವರ ಹಿರೀ ಮಗ ಒಂದು ದಿನ ಅಲ್ಲಿಗೆ ಬಂದರು. ಒಬ್ಬರೇ. "ಭಟ್ರೆ, ಒಂದು ಉಪಕಾರ ಆಗ್ಬೇಕು. ತಂದೆಗೆ ಕಣ್ಣು ಮಂಜಾಗಿದೆ. ಮೊನ್ನೆ ದಕ್ಕೆಯಲ್ಲಿ ಮೀನಿನ ಹೆಂಗಸಿನ ಬುಟ್ಟಿಯ ಮೇಲೆ ಹತ್ತಿಸಿದ್ರು. ಅವಳು ಹಾರಿದ್ರಿಂದ ಬಚಾವ್."

"ಡಾಕ್ಟರಿಗೆ ತೋರಿಸಿ," ಅಂದೆ.

"ಬರುವುದಿಲ್ಲ. ಇನ್ನು ಡ್ರೈವ್ ಮಾಡ್ಬೇಡಿ ಅಂತ ಅವರಿಗೆ ಹೇಳುವವರು ಯಾರು? ನನ್ನ ಬಾಯಿಂದ ಅದು ಬರುವುದಿಲ್ಲ. ಕಾರು ಹಾಳಾಗಿದೆ ಅಂತ ನೀವು ಹೇಳಿ. ಹೇಗೂ ಊರಿಡೀ ಅದನ್ನೇ ಹೇಳ್ತದೆ. ಭಟ್ರ ಮಗ ಹೇಳಿದ್ರೆ ಅವರು ನಂಬ್ತಾರೆ."

ಆ ಹೆಂಗಸಿನ ಕಾಲು ಹೋಗಿದ್ದರೆ? ಹಾಗೆ ಯೋಚನೆ ಮಾಡಿದೆ, ಒಪ್ಪಿದೆ. ಅದು ತಪ್ಪು ಅಂತ ಈಗಲೂ ನನಗೆ ಅನಿಸುವುದಿಲ್ಲ. ಮಾಡಿದ ರೀತಿ ತಪ್ಪು.

ಮರುವಾರ ಹಾಜಿಯವರು ನನಗೆ ತೋರಿಸಲಿಕ್ಕೆ ಕಾರು ತಂದರು, ತಾವೇ ಓಡಿಸಿಕೊಂಡು, ಮಗ ಪಕ್ಕದಲ್ಲಿ. ನಾನು ಒಂದು ಸುತ್ತು ಹೋಗಿ ಬಂದೆ. ಕಾರಿಗೆ ಎಂತದೂ ಆಗಿರಲಿಲ್ಲ. ಇಂಜಿನ್ ಹೊಸದರ ಹಾಗೇ ಇತ್ತು, ಬ್ರೇಕ್ ಸರಿ, ಸ್ಟಿಯರಿಂಗ್ ಸರಿ. ಅಷ್ಟು ಚೆನ್ನಾಗಿ ಇಟ್ಟುಕೊಂಡ ಕಾರು ಆ ಜಾತಿಯಲ್ಲಿ ನಾನು ಬೇರೆ ನೋಡಿಲ್ಲ. ಇಳಿದು ಬಂದು ಅವರ ಮುಖ ನೋಡದೆ ಹೇಳಿದೆ: "ಸ್ಟಿಯರಿಂಗ್ ಹೋಗಿದೆ ಹಾಜಿಯವರೆ. ಪಾರ್ಟ್ಸ್ ಸಿಗುವುದಿಲ್ಲ, ಕಂಪನಿಯೇ ಇಲ್ಲ. ನಡುರಸ್ತೆಯಲ್ಲಿ ಒಂದು ದಿನ ಕೈಕೊಡ್ತದೆ. ಇದು ಮೊದಲಿಂದಲೂ ಅಂಥ ಗಟ್ಟಿ ಕಾರು ಅಲ್ಲ."

ಕೊನೆಯ ಮಾತನ್ನು ಮಗ ಹೇಳಿಕೊಟ್ಟಿರಲಿಲ್ಲ. ಅದು ನನ್ನದೇ. ಮಾತಿನ ಭರದಲ್ಲಿ ಬಂತು.

"ಮೊದಲಿಂದಲೂ?" ಅಂದರು.

"ಹೌದು."

ಅವರು ಕನ್ನಡಿಗೆ ನೇತುಹಾಕಿದ್ದ ಜಪಮಣಿ ತೆಗೆದರು, ಡಿಕ್ಕಿಯಿಂದ ಮೀನಿನ ಚೀಲ ತೆಗೆದರು, ಕೀಯನ್ನು ನನ್ನ ಅಂಗೈಯಲ್ಲಿ ಇಟ್ಟರು. ಹಾಳೆಯಲ್ಲಿ "ಓಡಿಸಲು ಯೋಗ್ಯವಲ್ಲ" ಎಂದು ಷರಾ ಬರೆದು ಸಹಿ ಹಾಕಿ ಅವರಿಗೆ ಕೊಟ್ಟೆ. ಮಗ ಅದನ್ನು ಓದಿ ಹೇಳಿದರು. ಅವರು ಮಡಚಿ ಜುಬ್ಬದ ಕಿಸೆಯಲ್ಲಿ ಇಟ್ಟುಕೊಂಡರು. ಅವರು ರಿಕ್ಷಾ ಹತ್ತಿ ಹೋದ ಮೇಲೆ, ಕಾರನ್ನು ಇನ್ನೊಬ್ಬರಿಗೆ ಮಾರಬೇಕಾದ ನಮ್ಮ ಆಫೀಸಿಗೆ ಬೇರೆ ಹಾಳೆ ಬರೆದೆ. ಅದರಲ್ಲಿ ಷರಾ, "ಕಂಡಿಷನ್ ಉತ್ತಮ."

ಮಗ ಆಮೇಲೆ ಫೋನ್ ಮಾಡಿ ಥ್ಯಾಂಕ್ಸ್ ಹೇಳಿದರು. ಹೆಣ್ಣುಮಕ್ಕಳ ಮನೆಗೆ ಈಗ ಸ್ಕೂಟರಿನಲ್ಲಿ ಬರುವವನೇ ಮೀನು ಕೊಡುತ್ತಾನಂತೆ. ತಂದೆ ಸ್ವಲ್ಪ ಮಂಕಾಗಿದ್ದಾರೆ, ಸರಿಯಾಗ್ತದೆ ಅಂದರು. ನಾನು ಬಂದರಿನ ಆ ರಸ್ತೆಯಲ್ಲಿ ಹೋಗುವುದನ್ನು ಬಿಟ್ಟೆ. ದೇವಸ್ಥಾನಕ್ಕೆ ಹಗ್ಗ ಬೇಕಾದಾಗ ಅಪ್ಪ "ಹಾಜಿಯವರಲ್ಲಿಂದ ತಾ" ಅಂದರೆ ಬೇರೆ ಅಂಗಡಿಯದ್ದು ತಂದು ಅವರದ್ದೇ ಎಂದು ಹೇಳಿದೆ. ಒಂದು ಸುಳ್ಳಿಗೆ ಇನ್ನೊಂದು, ಕರ್ಮ.

ಎರಡು ವರ್ಷ ಕಳೆದಿರಬೇಕು. ಮೊನ್ನೆ ಹಂಪನಕಟ್ಟೆಯಲ್ಲಿ ಬಸ್ಸಿಗೆ ನಿಂತಿದ್ದೆ. ಪಕ್ಕದಲ್ಲಿ ಬಿಳಿ ಟೊಪ್ಪಿ, ಕೈಯಲ್ಲಿ ಮೀನಿನ ಚೀಲ. ಹಾಜಿಯವರು. ತುಂಬ ಸೊರಗಿದ್ದರು. ನನ್ನ ಕಡೆಗೇ ನೋಡುತ್ತಿದ್ದರೂ ಅವರಿಗೆ ಗುರುತು ಹತ್ತಲಿಲ್ಲ. ತಪ್ಪಿಸಿಕೊಂಡು ಹೋಗಬಹುದಿತ್ತು. ಹೋಗಲಿಲ್ಲ. "ಹಾಜಿಯವರೆ," ಅಂದೆ.

ಸ್ವರಕ್ಕೆ ಕೂಡಲೇ ತಿರುಗಿದರು. "ಓ, ಭಟ್ರು. ಹೇಗಿದ್ದೀರಿ? ಅಪ್ಪ ಸೌಖ್ಯವಾ?"

"ಸೌಖ್ಯ. ನೀವು ಎಲ್ಲಿಗೆ?"

"ಸಣ್ಣ ಮಗಳಲ್ಲಿಗೆ. ಅವಳ ಮನೆಗೆ ಒಂದೇ ಬಸ್ಸು ಉಂಟು. ಉಳಿದವರಲ್ಲಿಗೆ ಎರಡು ಬಸ್ಸು ಬದಲಿಸ್ಬೇಕು, ಆಗುವುದಿಲ್ಲ." ಆಮೇಲೆ, "ನನ್ನ ಕಾರು ಓಡ್ತಾ ಉಂಟು ಭಟ್ರೆ," ಅಂದರು.

ನಾನು ಬಸ್ಸು ಬರುವ ದಿಕ್ಕಿಗೆ ನೋಡಿದೆ.

"ಶಾಮಿಯಾನದವರು ಒಬ್ರು ತಗೊಂಡಿದ್ದಾರೆ. ಹಗ್ಗಕ್ಕೆ ನಮ್ಮಲ್ಲಿಗೇ ಬರ್ತಾರೆ. 'ಇದು ನಿಮ್ಮದಾಗಿತ್ತಂತೆ, ಒಂದು ದಿನವೂ ಕೈಕೊಡ್ಲಿಲ್ಲ ಹಾಜಿಯವರೆ' ಅಂತ ಹೇಳಿದ್ರು. ನಾನು ಹೋಗಿ ಮುಟ್ಟಿ ನೋಡಿದೆ. ನನ್ನದೇ."

ನಾನು ಏನೋ ಹೇಳಲು ಹೋದೆ. ನಿಮ್ಮ ಮಗನೇ, ಆ ಹೆಂಗಸು, ನಿಮ್ಮ ಒಳ್ಳೆಯದಕ್ಕೆ, ಅಂತೆಲ್ಲ. ಅವರು ಕೈ ಎತ್ತಿ ತಡೆದರು. ಸಿಟ್ಟಿರಲಿಲ್ಲ ಅದರಲ್ಲಿ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

"ಮಗ ಹೇಳಿದ್ದಾನೆ, ಎಲ್ಲ. ಕಣ್ಣು ನನ್ನದಲ್ವಾ, ನನಗೆ ಗೊತ್ತಿರ್ಲಿಲ್ವಾ? ಯಾರಾದ್ರೂ ಬಾಯಿ ಬಿಟ್ಟು ಹೇಳ್ಲಿ ಅಂತ ಕಾಯ್ತಾ ಇದ್ದೆ. ಮಕ್ಕಳಿಗೆ ಧೈರ್ಯ ಇಲ್ಲ. ನೀವು ಹೇಳ್ತೀರಿ ಅಂತ ಗ್ರಹಿಸಿದೆ, ಭಟ್ರ ಮಗ ಅಲ್ವಾ. 'ಕಣ್ಣು ಹೋಗಿದೆ ಹಾಜಿಯವರೆ, ಕೀ ಕೊಡಿ' ಅಂದಿದ್ರೆ ಅಲ್ಲೇ ಕೊಡ್ತಿದ್ದೆ." ಚೀಲವನ್ನು ಇನ್ನೊಂದು ಕೈಗೆ ಬದಲಿಸಿದರು. "ಅದರ ಹೆಸರು ಯಾಕೆ ಹಾಳು ಮಾಡಿದ್ರಿ? ಮೊದಲಿಂದಲೂ ಗಟ್ಟಿ ಇಲ್ಲ ಅಂದ್ರಿ. ಎರಡು ವರ್ಷ ನಾನು ಅದನ್ನೇ ಯೋಚನೆ ಮಾಡಿದ್ದು. ಆವತ್ತು ಮರಳಲ್ಲಿ ಅದು ಹೊರಟದ್ದೂ ನನ್ನ ಭ್ರಮೆಯಾ ಅಂತ."

ಬಸ್ಸು ಬಂತು. ಕಂಡಕ್ಟರ್ "ಬೇಗ ಬೇಗ" ಅಂದ. ಬೋರ್ಡು ಯಾವ ಊರಿನದ್ದು ಎಂದು ಅವರು ನನ್ನನ್ನೇ ಕೇಳಿದರು, ನಾನು ಓದಿ ಹೇಳಿದೆ. ನಂಬಿ ಹತ್ತಿದರು. ಮೆಟ್ಟಿಲಲ್ಲಿ ನಿಂತು, ತಿರುಗಿ, ನಾನು ನಿಂತ ಜಾಗಕ್ಕಿಂತ ಸ್ವಲ್ಪ ಆಚೆಗೆ ನೋಡುತ್ತಾ, "ಅಪ್ಪನಿಗೆ ನನ್ನ ಸಲಾಂ ಹೇಳಿ" ಅಂದರು.

ಇನ್ನೂ ಹೇಳಿಲ್ಲ. ಹೇಳಿದರೆ ಹಾಜಿಯವರು ಎಲ್ಲಿ ಸಿಕ್ಕಿದರು, ಕಾರು ಎಲ್ಲಿ ಹೋಯ್ತು, ಬಸ್ಸಿಗೆ ಯಾಕೆ ನಿಂತಿದ್ದರು ಎಂದು ಅಪ್ಪ ಕೇಳ್ತಾರೆ.