ಹಕ್ಕಿ ಕೂತ ಲಟ್ಟಣಿಗೆ

ಋತುಜಾ, ನಿನ್ನ ಅತ್ತೆಯ ಲಟ್ಟಣಿಗೆ ಕದ್ದವನು ನಾನು — ನಾಸಿಕದ ಈ ಕಾಕಾ, ನಿನ್ನ ಮಾವನ ತಮ್ಮ. ನಾಲ್ಕು ವರ್ಷದಿಂದ ಕಳ್ಳತನ ನಿನ್ನ ಹೆಸರಿನಲ್ಲಿದೆ, ಲಟ್ಟಣಿಗೆ ನನ್ನ ಹಕ್ಕಿಯ ಪಂಜರದಲ್ಲಿದೆ.

ಕಾರಣ ಹೇಳುತ್ತೇನೆ, ನೆಪದ ವಾಸನೆ ಬಂದರೆ ಮೂಗು ಮುಚ್ಚಿಕೋ. ನಮ್ಮ ಕಾಕಟೀಲ್ ಹಕ್ಕಿಯ ಅಂಗಾಲು ಕೆಂಪಗೆ ಊದಿಕೊಂಡಿತ್ತು. ಪಂಜರದ ಜೊತೆ ಬಂದ ಪ್ಲಾಸ್ಟಿಕ್ ಕೋಲುಗಳೆಲ್ಲ ಒಂದೇ ದಪ್ಪ. ದಿನವಿಡೀ ಪಾದದ ಅದೇ ಜಾಗದ ಮೇಲೆ ಭಾರ. ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ ಇರುವ ಮರದ ಕೋಲು ಹಾಕಿ ಎಂದರು ವೈದ್ಯರು. ನಾನೋ ಅಂಬಡದ ಕಾರ್ಖಾನೆಯಲ್ಲಿ ಬಿಡಿಭಾಗಗಳ ಅಳತೆ ನೋಡುವವನು. ಒಂದೇ ಸಮ ಇಲ್ಲದ್ದನ್ನು ಆಚೆ ಎಸೆಯುವುದಕ್ಕೇ ನನಗೆ ಸಂಬಳ. ವೈದ್ಯರಿಗೇನು ಗೊತ್ತು ಎಂದು ಲೇತ್ ಮೇಲೆ ನುಣ್ಣನೆಯ ಕೋಲು ಕಡೆಸಿ, ಪಾಲಿಶ್ ಮಾಡಿಸಿ ಹಾಕಿದೆ. ಹಕ್ಕಿ ಹತ್ತಿತು, ಜಾರಿತು, ನೀರಿನ ಬಟ್ಟಲಿಗೆ ಬಿತ್ತು. ಗೆಳೆಯನೊಬ್ಬ ಪಿಂಪಳಗಾಂವದಿಂದ ದ್ರಾಕ್ಷಿಬಳ್ಳಿಯ ತುಂಡು ತಂದುಕೊಟ್ಟ. ಅದಕ್ಕೆ ಹೊಡೆದಿದ್ದ ಔಷಧಿಗೆ ನನಗೇ ಸೀನು ಹತ್ತಿತು.

ಆ ದಿನಗಳಲ್ಲೇ ಸಂಭಾಜಿನಗರದ ನಿಮ್ಮ ಮನೆಗೆ ಬಂದಿದ್ದೆ. ನೀನು ಪೈಠಣದಿಂದ ಸೊಸೆಯಾಗಿ ಬಂದ ಹೊಸದು. ಅಡುಗೆಕಟ್ಟೆಯ ಮೇಲೆ ಅದು ಮಲಗಿತ್ತು — ವೈನಿ, ಅಂದರೆ ನಿನ್ನ ಅತ್ತೆ, ಬೀದರದ ತವರಿನಿಂದ ತಂದಿದ್ದ ಜಾಲಿಮರದ ಲಟ್ಟಣಿಗೆ. ನಡುವೆ ಹೊಟ್ಟೆ, ತುದಿಗಳತ್ತ ಸಣ್ಣ, ಅಲ್ಲಲ್ಲಿ ಸವೆದ ಉಬ್ಬುತಗ್ಗು. ಹಕ್ಕಿಯ ಪಾದಕ್ಕೆಂದೇ ಯಾರೋ ಕಡೆದಿಟ್ಟ ಹಾಗೆ.

ಇಲ್ಲಿ ನನ್ನ ನೆನಪು ಆಟ ಹೂಡುತ್ತದೆ. ನಾನು ಕೇಳಿದೆ, ವೈನಿ "ಒಯ್ಯೋ" ಎಂದರು — ಸ್ಪಷ್ಟವಾಗಿ ಕಾಣುತ್ತದೆ. ಆದರೆ ಆ ಚಿತ್ರದಲ್ಲಿ ಅವರು ಉಟ್ಟಿರುವುದು ಹೋದ ವರ್ಷ ಕೊಂಡ ಪೈಠಣಿ ರೇಷ್ಮೆ ಸೀರೆ. ಪೈಠಣಿ ಉಟ್ಟು ಯಾರು ಚಪಾತಿ ಲಟ್ಟಿಸುತ್ತಾರೆ? ಅಂದರೆ ಆ "ಒಯ್ಯೋ" ನಾನೇ ಹೊಲಿದದ್ದು. ನಿಜದಲ್ಲಿ ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ. ಚೀಲದಲ್ಲಿ ಟವೆಲ್ಲಿನ ಕೆಳಗೆ — ಕೆಳಗೇ, ಮೇಲಲ್ಲ — ಇಟ್ಟುಕೊಂಡೆ. ಮರಳಿಸುವ ಮನಸ್ಸಿತ್ತು ಎಂದು ಬರೆಯಲು ಹೊರಟಿದ್ದೆ. ಮನೆ ಮುಟ್ಟಿದ ಸಂಜೆಯೇ ಎರಡೂ ತುದಿಗೆ ತೂತು ಕೊರೆದು ಸ್ಕ್ರೂ ಬಿಗಿದವನಿಗೆ ಎಂಥ ಮನಸ್ಸು.

ಹಕ್ಕಿಯ ಕಾಲು ವಾಸಿಯಾಯಿತು. ನಿನ್ನದು — ನಿನ್ನ ಗ್ರಹಚಾರ ನೋಡು, ಲಟ್ಟಣಿಗೆ ಕಾಣೆಯಾದ ವಾರವೇ ನೀನು ತವರಿನಿಂದ ಚಪಾತಿ ಒತ್ತುವ ಮಶೀನ್ ತಂದಿದ್ದೆ.

"ಮಶೀನ್ ಬಂತಂತ ನಮ್ಮವ್ವ ಕೊಟ್ಟಿದ್ ಲಟ್ಟಣಿಗಿ ಒಗದಾಳ," ಎಂದರು ವೈನಿ. "ಇನ್ನ ಇಕಿ ಕೈಯಾಗ ನಾ ಮನಿ ಕೀಲಿ ಕೊಡಂಗಿಲ್ಲ."

ಪಂಚಾಯಿತಿಗೆ ನನ್ನನ್ನೇ ಕರೆಸಿದರು. ನೀನು ಬಾಗಿಲ ಬಳಿ ನಿಂತು, ಬರುವಷ್ಟು ಕನ್ನಡಕ್ಕೆ ಮರಾಠಿ ಬೆರೆಸಿ "ಖರಂಚ ಕಾಕಾ, ನಾ ಮುಟ್ಟಿಲ್ರೀ" ಎಂದೆ. ಆಗ ನಾನಾಡಿದ ಮಾತನ್ನು ಮಾತ್ರ ನೆನಪು ತಿದ್ದಿಲ್ಲ:

"ಇರ್ಲಿ ಬಿಡವಾ. ಎಲ್ಲರ ಕೈಯಿಂದನೂ ತಪ್ಪಾಗ್ತದ."

ನಿನ್ನನ್ನು ಕ್ಷಮಿಸಿದೆ, ಋತುಜಾ. ಕದ್ದವನು ನಾನು, ಕ್ಷಮಿಸಿದವನೂ ನಾನು! ಎಂಥ ದೊಡ್ಡ ಮನಸ್ಸು ಎಂದು ಅಣ್ಣ ನನಗೆ ಇನ್ನೊಂದು ಚಪಾತಿ ಹಾಕಿಸಿದ — ನಿನ್ನ ಮಶೀನಿನದೇ. ಆರು ತಿಂಗಳಿಗೆ ನೀವಿಬ್ಬರೂ ಬಾಡಿಗೆ ಮನೆಗೆ ಹೋದಿರಿ. ಆಫೀಸು ಹತ್ತಿರವಾಗುತ್ತದೆ ಎಂದು ನಿನ್ನ ಗಂಡ ಹೇಳಿದ. ನಾನು ನಂಬಿದೆ, ನಂಬಿದರೆ ಅನುಕೂಲವಿತ್ತು.

ಒಮ್ಮೆ ವೈನಿ ನಾಸಿಕಕ್ಕೆ ಬಂದರು. ಪಂಜರದ ಮುಂದೆ ತುಂಬ ಹೊತ್ತು ನಿಂತರು. ಹಕ್ಕಿ ಕೊಕ್ಕಿನಿಂದ ಕಚ್ಚಿ, ಹಿಕ್ಕೆ ಬಿದ್ದು, ಲಟ್ಟಣಿಗೆಯ ಗುರುತು ಅಳಿದಿತ್ತು.

"ಕೋಲು ಛಂದ ಅದ ನೋಡು. ನಮ್ಮ ಲಟ್ಟಣಿಗಿ ಗತೆನೇ."

"ಹೌದ್ರಿ ವೈನಿ, ಅಂಗಡ್ಯಾಗ ಹಿಂಗೇ ಸಿಗ್ತಾವ."

"ಹಕ್ಕಿಗಿ ಇದರ ಕಿಮ್ಮತ್ತು ಗೊತ್ತದ. ಆ ಹುಡುಗಿಗಿ ಗೊತ್ತಿಲ್ಲ."

ಹಕ್ಕಿ ನನ್ನನ್ನು ನೋಡಿತು. ನೋಡಿರಲಿಕ್ಕಿಲ್ಲ; ಹಕ್ಕಿಗಳು ಎತ್ತಲೋ ನೋಡುತ್ತವೆ.

ಈಗ ವೈನಿಗೆ ಮೊಣಕಾಲಿನ ಆಪರೇಶನ್. ನೀನು ರಜೆ ಹಾಕಿ ಬರುತ್ತೇನೆ ಎಂದೆಯಂತೆ. ಅವರು ಬೇಡವೆಂದು, ಕೀಲಿ ಕೊಡಲು ನನ್ನ ಹೆಂಡತಿಯನ್ನು ನಾಸಿಕದಿಂದ ಕರೆದರು. ಕಳ್ಳನ ಮನೆಗೇ ಕೀಲಿ! ಆದರೂ ನೀನು ಇವಳಿಗೆ ಫೋನ್ ಮಾಡಿ, ಅತ್ತೆಗೆ ಬಿಪಿ ಇದೆ, ಉಪ್ಪು ಕಡಿಮೆ ಹಾಕಿ ಎಂದೆ. ಅದನ್ನು ಕೇಳಿಸಿಕೊಂಡಿದ್ದಕ್ಕೆ ಇದನ್ನು ಬರೆಯಲು ಕೂತೆ.

ಕನ್ನಡದಲ್ಲೇಕೆ ಎಂದು ಕೇಳಬೇಕು ನೀನು. ನನ್ನ ಮರಾಠಿಗೆ ಏನೂ ಧಾಡಿಯಿಲ್ಲ, ದಿನವೂ ಅದರಲ್ಲೇ ಜಗಳವಾಡುತ್ತೇನೆ. ನಿನಗೆ ಕನ್ನಡ ಓದಲು ಬರುವುದಿಲ್ಲ — ಅದಕ್ಕೇ. ತಪ್ಪೊಪ್ಪಿಕೊಂಡ ಹಗುರವೂ ಬೇಕು, ನಿನಗೆ ತಿಳಿಯಲೂ ಬಾರದು. ಇಷ್ಟು ಪುಟ ತುಂಬಿಸಿದ ಮೇಲೆ ಹೊಳೆಯಿತು: ಇದೂ ಟವೆಲ್ಲಿನ ಕೆಳಗೇ.

ಭಾನುವಾರ ಬರುತ್ತೇನೆ. ನಿನ್ನನ್ನೂ ವೈನಿಯನ್ನೂ ಎದುರು ಕೂರಿಸಿಕೊಂಡು, ಮರಾಠಿಯಲ್ಲಿ, ನಾನು ಕದ್ದೆ ಎಂದು ಹೇಳುತ್ತೇನೆ. ಆಗ ಅವರು ನಿನ್ನತ್ತ ಕೀಲಿ ಚಾಚಿದರೆ — ಬೇಡ ಅನ್ನಬೇಕೆನಿಸಿದರೆ, ಅನ್ನು.