ಹೆಬ್ಬೆಟ್ಟು ಬಿದ್ದ ಉತ್ತರಗಳು

೧೯೮೪ರ ಜೂನ್‌ನಿಂದ ಐದು ತಿಂಗಳು ನಾನು ರಾಯಚೂರಿನಲ್ಲಿ ಒಂದು ಸಂಶೋಧನಾ ಯೋಜನೆಯ ಸಹಾಯಕಿಯಾಗಿದ್ದೆ. ಅದಕ್ಕೆ ಮುಂಚೆಯೂ ಆಮೇಲೂ ಮನೆಯಾಕೆಯೇ. ಬಿ.ಎ.ಗೆ ಇಂಗ್ಲಿಷ್ ಮತ್ತು ಮನಃಶಾಸ್ತ್ರ ಓದಿದ್ದೆ. ಮಗಳು ಎಂಟನೇ ಕ್ಲಾಸಿಗೆ ಬಂದಿದ್ದಳು, ಮನೆಯವರು ಬೇಡ ಅನ್ನಲಿಲ್ಲ. ದೇವರು ಕೊಟ್ಟ ಅವಕಾಶವೆಂದು ಕೈಮುಗಿದು ಹೊರಟೆ.

ಹದಿಹರೆಯದ ಮಕ್ಕಳು ಮುಂದೆ ಯಾವ ಉದ್ಯೋಗ ಬಯಸುತ್ತಾರೆ, ಅದಕ್ಕಾಗಿ ಎಷ್ಟು ಗಟ್ಟಿ ನಿಲ್ಲುತ್ತಾರೆ ಎಂದು ಅಳೆಯುವ ಒಂದು ಇಂಗ್ಲಿಷ್ ಪ್ರಶ್ನಾವಳಿಯನ್ನು ಕನ್ನಡಕ್ಕೆ ಹೊಂದಿಸುವುದು ಕೆಲಸ. ನಲವತ್ತು ವಾಕ್ಯ. ಪ್ರತಿಯೊಂದರ ಮುಂದೆ ಹೌದು, ಇಲ್ಲ, ಹೇಳಲಾರೆ ಎಂಬ ಮೂರು ಚೌಕ. ನಮ್ಮ ಮಕ್ಕಳು ಕಂಡೇ ಇರದ ಉದ್ಯೋಗಗಳನ್ನು ತೆಗೆದು ಕಂಪೌಂಡರ್, ಗ್ರಾಮಸೇವಕ, ಟೈಪಿಸ್ಟ್ ಎಂದು ಹಾಕಿದೆ. ನನ್ನ ಕನ್ನಡವನ್ನು ಬೇರೊಬ್ಬರು ಮತ್ತೆ ಇಂಗ್ಲಿಷಿಗೆ ತಿರುಗಿಸಿ ಮೂಲದೊಂದಿಗೆ ಹೋಲಿಸಿದರು. ಇದಕ್ಕೆ ಬ್ಯಾಕ್ ಟ್ರಾನ್ಸ್‌ಲೇಷನ್ ಅನ್ನುತ್ತಾರೆ.

ಯೋಜನೆಯ ಯಜಮಾನರಾದ ಪ್ರೊಫೆಸರರಿಗೆ ನನ್ನನ್ನು ಕಂಡರೆ ಮೊದಲಿನಿಂದಲೂ ಆಗುತ್ತಿರಲಿಲ್ಲ. ಹಾಳೆಯ ಮೇಲೆ ಮಗುವಿನ ಹೆಸರು ಬರೆಸಬೇಕು ಅಂದರು. ಎರಡು ವಾರ ಬಿಟ್ಟು ಅದೇ ಮಗುವಿಗೆ ಅದೇ ಪ್ರಶ್ನೆ ಕೊಡುವ ಟೆಸ್ಟ್-ರೀಟೆಸ್ಟ್ ಇತ್ತು. ಎರಡು ಸಲದ ಉತ್ತರ ಹೆಚ್ಚುಕಡಿಮೆ ಒಂದೇ ಬಂದರೆ ಮಾತ್ರ ಅಳತೆಯನ್ನು ನಂಬಬಹುದು. ಎರಡು ಹಾಳೆಗಳನ್ನು ಜೋಡಿಸಲು ಹೆಸರಿನ ಬದಲು ಮಗು ತನಗೆ ಬೇಕಾದ ಒಂದು ಚಿತ್ರವನ್ನು ಎರಡೂ ಸಲ ಬರೆದುಕೊಳ್ಳಲಿ ಅಂದೆ.

"ನೀವು ಅನುವಾದ ಮಾಡ್ರಿ. ವಿಚಾರ ಮಾಡಾಕ ನಾ ಅದೀನಿ," ಅಂದರು. ಹಾಳೆಯ ಮೇಲೆ ಹೆಸರೇ ಉಳಿಯಿತು.

ಮಾನ್ವಿಯಲ್ಲಿ ಮೊದಲ ಪ್ರಯೋಗ ಸುಸೂತ್ರವಾಗಿ ನಡೆಯಿತು. "ಇದಕ್ಕ ಎಷ್ಟು ಮಾರ್ಕ್ಸ್ ರೀ?" ಎಂದು ಹುಡುಗರು ಕೇಳಿದರು. ಇಲ್ಲ ಅಂದಾಗ ಅರ್ಧ ಜನರ ಹುಮ್ಮಸ್ಸು ಇಳಿಯಿತು, ಅಷ್ಟೇ.

ಸೆಪ್ಟೆಂಬರಿನಲ್ಲಿ ದೇವದುರ್ಗ ತಾಲೂಕಿನ ಒಂದು ಹೈಸ್ಕೂಲಿಗೆ ಹೋದೆ. ಊರಿನ ಹೆಸರು ಬರೆಯುವುದಿಲ್ಲ. ಒಂಬತ್ತನೇ ಕ್ಲಾಸಿನಲ್ಲಿ ಮೂವತ್ತೆಂಟು ಮಕ್ಕಳು, ಅವರಲ್ಲಿ ಹುಡುಗಿಯರು ಐವರು. "ಮನಸಿಗೆ ಬಂದದ್ದು ಹಾಕ್ರಿ. ಯಾರೂ ನೋಡಂಗಿಲ್ಲ," ಎಂದು ಎರಡು ಸಲ ಹೇಳಿದೆ. ಆ ದಿನ ನಾಲ್ವರು ಬಂದಿರಲಿಲ್ಲ. ಅವರಿಂದಲೂ ಬರೆಸಿ ಇಡೀ ಕಟ್ಟನ್ನು ಇಟ್ಟಿರುತ್ತೇನೆಂದು ಹೆಡ್‌ಮಾಸ್ತರರು ಹೇಳಿದರು. ಬಸ್ಸಿನ ಹೊತ್ತಾಗಿತ್ತು. ಕಟ್ಟನ್ನು ಅವರ ಕೈಗಿಟ್ಟು ಓಡಿದೆ. ಕೂರಲು ಜಾಗವೂ ಸಿಕ್ಕಿತು, ದೇವರ ದಯೆ ಅಂದುಕೊಂಡೆ.

ಐದು ದಿನ ಬಿಟ್ಟು ಹೋದಾಗ ಪ್ರತಿ ಹಾಳೆಯ ಕೆಳಗೂ ಒಂದು ಸಹಿ ಅಥವಾ ನೀಲಿ ಹೆಬ್ಬೆಟ್ಟು ಇತ್ತು. ಆ ಶಾಲೆಯಲ್ಲಿ ತಿಂಗಳ ಪರೀಕ್ಷೆಯ ಹಾಳೆಗಳನ್ನು ಮನೆಗೆ ಕಳಿಸಿ ತಂದೆಯ ಗುರುತು ಹಾಕಿಸಿ ತರಿಸುವುದು ವಾಡಿಕೆ. ನನ್ನ ಹಾಳೆಗಳನ್ನೂ ಹಾಗೇ ಕಳಿಸಿದ್ದರು.

"ಒಂದು ಬಿಟ್ಟು ಎಲ್ಲಾ ಬಂದಾವ ನೋಡ್ರಿ," ಎಂದು ಹೆಡ್‌ಮಾಸ್ತರರು ಹೆಮ್ಮೆಯಿಂದ ಹೇಳಿದರು.

ಬಾರದ ಹಾಳೆ ಕುರಿ ಸಾಕುವವರ ಮನೆಯ ಹುಡುಗಿಯದು. ಅವಳ ತಂದೆಗೆ ಓದು ಬಾರದು. ಹಿಟ್ಟಿನ ಗಿರಣಿಯ ಮುಂದೆ ಯಾರಿಗೋ ಓದಲು ಕೊಟ್ಟಿದ್ದಾರೆ. ಅವರು ಇಪ್ಪತ್ತೆರಡನೇ ವಾಕ್ಯವನ್ನು ಗಟ್ಟಿಯಾಗಿ ಓದಿದ್ದಾರೆ: 'ಮನೆಯವರು ಒಪ್ಪದಿದ್ದರೂ ನನಗೆ ಬೇಕಾದ ಕೆಲಸಕ್ಕೇ ಹೋಗುತ್ತೇನೆ.' ಹುಡುಗಿ 'ಹೌದು' ಎಂಬ ಚೌಕಕ್ಕೆ ಗುರುತು ಹಾಕಿದ್ದಳು. ಮರುದಿನದಿಂದ ಶಾಲೆ ಬಿಡಿಸಿದ್ದರು.

ನಾನೊಬ್ಬಳೇ ಅವರ ಮನೆಗೆ ಹೋದೆ. ತಂದೆ ಕುರಿಹಟ್ಟಿಗೆ ಜಾಲಿಮುಳ್ಳು ಒಟ್ಟುತ್ತಿದ್ದರು. ಕೂಡ್ರಿ ಅನ್ನಲಿಲ್ಲ. ಹುಡುಗಿ ಬಾಗಿಲ ಒಳಗೆ ನಿಂತಿದ್ದಳು.

"ಆ ಕಾಗದದಾಕಿ ನೀವೇನು?"

"ಹೌದ್ರಿ."

"'ನಿನ್ನ ಮಾತು ಕೇಳಂಗಿಲ್ಲಂತ ಮಗಳು ಬರಕೊಟ್ಟಾಳ, ಹೆಬ್ಬೆಟ್ಟು ಒತ್ತು' ಅಂತ ನಾಕು ಮಂದ್ಯಾಗ ನಕ್ಕರು. ನಿಮಗ ಸಮಾಧಾನ ಆತೇನು?"

"ಆ ಮಾತು ಆಕಿದಲ್ರಿ. ಬರದಾಕಿ ನಾನು. ಆಕಿ ಗುರುತು ಅಷ್ಟ ಹಾಕ್ಯಾಳ."

"ಹಾಕ್ಯಾಳಲ್ಲ."

"ಯಾರೂ ನೋಡಂಗಿಲ್ಲ, ಹಾಕು ಅಂತ ಹೇಳಿದಾಕಿನೂ ನಾನ ರೀ. ಮಾತು ತಪ್ಪಿದ್ದು ನಾನು. ಆಕಿಗೆ ಯಾಕ ಸಿಟ್ಟು ಮಾಡ್ತೀರಿ?"

ಅವರು ಮುಳ್ಳಿನ ಕೊಂಬೆ ಕೆಳಗಿಟ್ಟರು. "ನಿಮಗ ಹೆಣ್ಣುಮಕ್ಕಳದಾರೇನು?"

"ಒಬ್ಬಾಕಿ ಅದಾಳ."

"ಆಕಿಗೆ ಕೇಳೀರೇನು ಇದನ್ನ?"

ಕೇಳಿರಲಿಲ್ಲ. ಇಲ್ಲ ಅಂದೆ.

"ನನ್ನ ಮಗಳು ಅಗ್ಗ ಸಿಕ್ಕಳು," ಅಂದರು.

ಹಾಳೆ ಹರಿದು ಹಾಕುತ್ತೇನೆ, ಅವಳನ್ನು ಶಾಲೆಗೆ ಕಳಿಸಿ ಎಂದು ಮತ್ತೆ ಮತ್ತೆ ಕೇಳಿಕೊಂಡೆ. ಕೊನೆಗೆ ಅವರೇ ಹಾಳೆ ತಂದು ನನ್ನ ಕೈಗೆ ತುರುಕಿದರು. ಅದನ್ನು ಅವರೆದುರೇ ಹರಿದೆ. "ಆಕಿ ಸಾಲಿಗೆ ಬರಬೇಕಂದ್ರ ನೀವು ಈ ಊರಿಗೆ ಬರಬಾರದು. ನಿಮ್ಮ ಕಾಗದನೂ ಬರಬಾರದು. ಆಕಿ ಸುದ್ದಿ ವಿಚಾರಸಬಾರದು," ಅಂದರು.

"ಆತ್ರಿ," ಅಂದೆ. ಹುಡುಗಿ ನನ್ನತ್ತ ನೋಡಲಿಲ್ಲ. ನೋಡಬೇಕೆಂದು ಬಯಸುವ ಹಕ್ಕು ನನಗೆ ಇರಲಿಲ್ಲ.

ನಡೆದದ್ದನ್ನು ಹೇಳಿ ಆ ಶಾಲೆಯನ್ನು ಬಿಡೋಣ ಅಂದಾಗ ಪ್ರೊಫೆಸರರು ಹೌಹಾರಿದರು. "ಡೇಟಾ ಹರಿಯಾಕ ನೀವ್ಯಾರು? ಒಂದು ಹುಡುಗಿ ಸಲುವಾಗಿ ಪೂರಾ ಸಾಲಿ ಬಿಡ್ಲೇನು?" ಎರಡನೇ ಸುತ್ತಿಗೆ ಬೇರೆಯವರನ್ನು ಕಳಿಸುತ್ತೇನೆ ಅಂದರು. ನಾನು ಉಳಿದ ಹಾಳೆಗಳನ್ನು ಮೇಜಿನ ಮೇಲೆ ಹರಡಿದೆ. ಹತ್ತೊಂಬತ್ತು ಹಾಳೆಗಳಲ್ಲಿ ಇಪ್ಪತ್ತೆರಡನೇ ವಾಕ್ಯದ ಗುರುತನ್ನು ರಬ್ಬರಿನಿಂದ ಒರೆಸಿ 'ಇಲ್ಲ' ಎಂದು ತಿದ್ದಲಾಗಿತ್ತು. "ಇವು ಮಕ್ಕಳ ಉತ್ತರ ಅಲ್ರಿ, ಅಪ್ಪಂದಿರವು. ಇವನ್ನ ಲೆಕ್ಕಕ್ಕ ತಗೊಂಡ್ರ ನಾನು ವರದಿಯೊಳಗ ಹಂಗ ಬರೀತೀನಿ," ಅಂದೆ. ಅವರು ಆ ಶಾಲೆಯನ್ನು ಕೈಬಿಟ್ಟರು. ಅಕ್ಟೋಬರ್ ಮುಗಿಯುತ್ತಲೇ ನನ್ನನ್ನೂ ಬಿಟ್ಟರು. ಮುಂದೆ ಅಚ್ಚಾದ ಕೈಪಿಡಿಯಲ್ಲಿ ಹೆಸರಿನ ಬದಲು ಚಿತ್ರ ಬರೆಸಬೇಕೆಂಬ ಸೂಚನೆ ಇತ್ತು. ನನ್ನ ಹೆಸರು ಇರಲಿಲ್ಲ.

ಮಾರ್ಚಿನಲ್ಲಿ ಹೆಡ್‌ಮಾಸ್ತರರು ತಾವಾಗಿಯೇ ಒಂದು ಕಾರ್ಡು ಬರೆದರು. ಹುಡುಗಿ ನಾನು ಬಂದುಹೋದ ವಾರವೇ ಶಾಲೆಗೆ ಮರಳಿದ್ದಳಂತೆ, ಪರೀಕ್ಷೆಗೂ ಕೂತಿದ್ದಳಂತೆ. ಆ ಕಾರ್ಡನ್ನು ದೇವರ ಮುಂದಿಟ್ಟು ನಮಸ್ಕಾರ ಮಾಡಿದೆ. ನನ್ನ ಪಾಲಿಗೆ ಅಷ್ಟು ಸಾಕಾಗಿತ್ತು.

ಮಗುವಿನ ಮನಸ್ಸಿನ ಮಾತನ್ನು ಕಾಗದದ ಮೇಲೆ ಇಳಿಸಿಕೊಂಡವರು ಆ ಕಾಗದವನ್ನು ಬೇರೆಯವರ ಕೈಗೆ ಕೊಟ್ಟು ಬಸ್ಸು ಹತ್ತಬಾರದು. ಆ ಐದು ತಿಂಗಳು ನನಗೆ ಕಲಿಸಿದ್ದು ಇದು. ಹುಡುಗಿ ಮುಂದೆ ಏನಾದಳೋ ಗೊತ್ತಿಲ್ಲ. ದೇವದುರ್ಗದ ಕಡೆಯವರು ಎಷ್ಟೋ ಸಲ ಎದುರು ಸಿಕ್ಕಿದ್ದಾರೆ, ಕೇಳಬಹುದಿತ್ತು. ಅವಳಿಗೆ ಕೊಟ್ಟ ಮಾತು ಉಳಿಸಿಕೊಳ್ಳಲಿಲ್ಲ. ಅವಳ ತಂದೆಗೆ ಕೊಟ್ಟದ್ದನ್ನು ಉಳಿಸಿಕೊಂಡಿದ್ದೇನೆ.